ಚೆಂಡು ಕೊಟ್ಟವಳ ಲೆಕ್ಕ

ಮೊನ್ನೆ ಊಟಕ್ಕೆ ಕೂತಾಗ ಟೀವಿಯಲ್ಲಿ ಯಾವುದೋ ದೇಶದ ಹೆಂಗಸರು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದರು. ಆಡುವುದೇ ಅವರ ಉದ್ಯೋಗವಂತೆ. ಆಟ ಮುಗಿದ ಮೇಲೆ ಒಂದು ಪಟ್ಟಿ ಬಂತು. ಬುಟ್ಟಿಗೆ ಹಾಕಿದವಳ ಲೆಕ್ಕ ಬೇರೆ, ರಿಂಗಿನ ಕೆಳಗೆ ನಿಂತು ಚೆಂಡು ಹಿಡಿದವಳದ್ದು ಬೇರೆ, ಹಾಕುವವಳ ಕೈಗೆ ಚೆಂಡು ಕೊಟ್ಟವಳದ್ದೂ ಬೇರೆ. ಆ ಕೊನೆಯದನ್ನು ನೋಡಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದೆ.

ನೀವು ನಗಬಹುದು, ನಾನೂ ಆಡಿದವಳೇ. ಆಡಿದೆ ಅನ್ನುವುದಕ್ಕಿಂತ ಬೆಂಚಿನ ಮೇಲೆ ಕೂತಿದ್ದೆ ಅನ್ನಿ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಗುಂಡ್ಲುಪೇಟೆಯ ನಮ್ಮ ಹುಡುಗಿಯರ ಟೀಮಿನಲ್ಲಿ, ಓಡಲು ಬಾರದ ನನಗೆ ಆಟದ ಮೇಷ್ಟ್ರು ಸ್ಕೋರ್ ಬುಕ್ಕು ಕೊಟ್ಟಿದ್ದರು. ಕೆಂಪು ಶಾಯಿಯಲ್ಲಿ ಗೆರೆ ಎಳೆದು ಹೆಸರಿನ ಮುಂದೆ ಪಾಯಿಂಟು ಬರೆಯುತ್ತಿದ್ದೆ. ಆ ಬುಕ್ಕಿನ ಮೇಲೆ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ಟೀಮಿನ ಮಾದೇವಿ ಹತ್ತಿರದ ಬೇಗೂರಿನಿಂದ ಬಸ್ಸಲ್ಲಿ ಬರುತ್ತಿದ್ದಳು. ಕುಳ್ಳಿ. ಗಾರ್ಡ್ ಜಾಗ ಅವಳದು, ಅಂದರೆ ಹಿಂದಿನಿಂದ ಚೆಂಡು ತಂದು, ಮೂರು ಜನರ ನಡುವೆ ತೂರಿಸಿ, ಎತ್ತರದ ಶೈಲಜಳ ಕೈಗಿಡುವುದು. ಶೈಲಜ ಹಾಕುತ್ತಿದ್ದಳು, ನಾನು ಶೈಲಜ ಅಂತ ಬರೆಯುತ್ತಿದ್ದೆ. "ಕೊಟ್ಟೋಳ್ದೂ ಬರ್ಕೊಳ್ಳಮ್ಮಿ" ಅಂತ ಮೇಷ್ಟ್ರು ಎರಡು ಸಲ ಹೇಳಿದ್ದರು. ಬುಕ್ಕು ಗಲೀಜಾಗುತ್ತೆ ಅಂತ ನಾನು ಬರೆಯಲಿಲ್ಲ.

ಯಾವುದೋ ಇಲಾಖೆಯವರು ಹೆಂಗಸರ ಟೀಮು ಕಟ್ಟಲು ಚಾಮರಾಜನಗರಕ್ಕೆ ಬಂದರು. ನಮ್ಮ ಟೀಮೂ ಹೋಯಿತು, ಬುಕ್ಕು ಹಿಡಿದು ನಾನೂ ಹೋದೆ. ಆಯ್ಕೆಯಾದರೆ ಆಟವೇ ನೌಕರಿ. ಇಲ್ಲದಿದ್ದರೆ ಆಟ ಅಲ್ಲಿಗೇ ಮುಗೀತು ಅಂತ ಮಾದೇವಿಯ ಅಪ್ಪ ಹೇಳಿಬಿಟ್ಟಿದ್ದರು. ಅವತ್ತು ಅವಳು ಚೆನ್ನಾಗಿಯೇ ಆಡಿದಳು. ಕೊನೆಗೆ ಇಲಾಖೆಯ ಸಾಹೇಬರು ನನ್ನ ಬುಕ್ಕು ತಿರುವಿ, ಅವಳೆದುರಿಗೇ ಕೇಳಿದರು. "ಈ ಹುಡುಗಿದು ಏನೂ ಇಲ್ವಲ್ಲಮ್ಮ. ಸರಿಯಾಗಿ ಬರ್ದಿದ್ದೀಯಾ?"

ಇಲ್ಲ ಸಾರ್, ಶೈಲಜ ಹಾಕಿದ್ದೆಲ್ಲ ಹೆಚ್ಚುಕಮ್ಮಿ ಇವಳು ಕೊಟ್ಟಿದ್ದೇ ಅನ್ನಬೇಕಿತ್ತು. "ಸರಿಯಾಗಿದೆ ಸಾರ್" ಅಂದೆ. ನನ್ನ ಬುಕ್ಕು ತಪ್ಪು ಅನ್ನಿಸಿಕೊಳ್ಳಬಾರದಿತ್ತು, ಅಷ್ಟೇ. ಅಷ್ಟಕ್ಕೇ ಒಬ್ಬಳ ಬದುಕು ಹೋಯಿತು. ಶೈಲಜಳನ್ನು ತಗೊಂಡರು. ಮಾದೇವಿ ಆಮೇಲೆ ಚೆಂಡು ಮುಟ್ಟಲಿಲ್ಲ. ಇದನ್ನು ಸರಿಮಾಡುವ ದಾರಿ ಇಲ್ಲ, ನಾನು ಹುಡುಕಿ ಸೋತಿದ್ದೇನೆ.

ಮೊನ್ನೆ ತಟ್ಟೆ ಪಕ್ಕಕ್ಕಿಟ್ಟು, ಅವರಿವರನ್ನು ಕೇಳಿ ನಂಬರು ಹುಡುಕಿ, ಅವಳಿಗೆ ಫೋನ್ ಮಾಡಿದೆ. ಬುಕ್ಕಿನ ವಿಷಯ ಎಲ್ಲ ಒಪ್ಪಿಕೊಂಡೆ.

"ಗೊತ್ತು ಕಣಮ್ಮಿ" ಅಂದಳು. "ಅವತ್ತು ಬಸ್ ಹತ್ತೋ ಗಂಟ ನಿನ್ ಮೊಕಾನೇ ನೋಡ್ತಿದ್ದೆ. ವಾಪಸ್ ಓಗಿ ಸಾಹೇಬ್ರಿಗೆ ಹೇಳ್ಬುಟ್ಟು ಬತ್ತೀಯೇನೋ ಅಂತ."

ಅಷ್ಟು ಹೇಳಿ ಅವಳೇ ಫೋನ್ ಇಟ್ಟಳು.