ಒಂಬತ್ತನೇ ತಟ್ಟೆಯ ದವಡೆ

ಬೆಳಗಿನ ಐದೂಮುಕ್ಕಾಲು. ದಂತ ಚಿಕಿತ್ಸಾಲಯದ ಹಿಂಬದಿಯ ಕೋಣೆಯಲ್ಲಿ ಒಂದೇ ದೀಪ ಉರಿಯುತ್ತಿದೆ. ರಬ್ಬರ್ ಬೋಗುಣಿಯ ನೀರಿಗೆ ಪ್ಲಾಸ್ಟರ್ ಪುಡಿ ಹಿಡಿಹಿಡಿಯಾಗಿ ಬೀಳುತ್ತಿದೆ. ಆಕೆ ಅದನ್ನು ಕಲಸುವುದು ಮಗುವಿಗೆ ತುತ್ತು ಕಲಸಿದಂತೆ: ಗಂಟು ಉಳಿಯಬಾರದು, ನೀರಾಗಲೂಬಾರದು. ಎದುರಿಗೆ ಹನ್ನೊಂದು ತಟ್ಟೆಗಳಿವೆ, ನಿನ್ನೆ ಸಂಜೆ ಹನ್ನೊಂದು ಜನ ಕಚ್ಚಿ ಕೊಟ್ಟ ಹಲ್ಲಿನ ಅಚ್ಚುಗಳು. ತಟ್ಟೆಗೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ಒಂಬತ್ತನೆಯದು ಅವಳ ಮಗಳದೆಂದು ಡಾಕ್ಟರಮ್ಮ ಹೇಳಿದ್ದಾರೆ. ಅದನ್ನು ಕೊನೆಗೆ ಉಳಿಸಿಕೊಂಡಿದ್ದಾಳೆ.

ಮಗಳ ಕೆಳಸಾಲಿನ ಮುಂದಿನ ಹಲ್ಲೊಂದು ಆಗಲೇ ಹೋಗಿದೆ. ಪಕ್ಕದ ಹಲ್ಲಿನ ವಸಡು ಮೂರು ತಿಂಗಳಲ್ಲಿ ಎಷ್ಟು ಇಳಿದಿದೆ ಎಂಬುದು ಈ ಪ್ಲಾಸ್ಟರ್ ಗಟ್ಟಿಯಾದ ಮೇಲೆ ತಿಳಿಯಬೇಕು. ಇನ್ನೂ ಇಳಿದಿದ್ದರೆ ಅದೂ ಉಳಿಯುವುದು ಕಷ್ಟ.

ಇಲ್ಲಿ ಎಲ್ಲರೂ ಅವಳನ್ನು ಕರೆಯುವುದು ಪ್ಲಾಸ್ಟರಕ್ಕ ಎಂದು. ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಮೂವತ್ತು, ಮೂವತ್ತೈದು ದವಡೆ ಅಚ್ಚು ಹೊಯ್ಯುತ್ತಾಳೆ, ಉಜ್ಜುತ್ತಾಳೆ, ಸಾಲಾಗಿ ಜೋಡಿಸುತ್ತಾಳೆ. ಪುಡಿ ಗಂಟಲಿಗಿಳಿದು ಕೆಮ್ಮು ಕಾಯಂ ನೆಂಟನಾಗಿದೆ. ಹೊಸ ಹಲ್ಲು ಕಟ್ಟಿಸಿಕೊಂಡವರು ಡಾಕ್ಟರಮ್ಮನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಹಿಂದಿನ ಕೋಣೆಯ ಬಾಗಿಲನ್ನು ಈವರೆಗೆ ಒಬ್ಬರೂ ತಟ್ಟಿಲ್ಲ.

"ಏನಕ್ಕಾ, ಮುಖಕ್ಕೂ ಒಂದು ಕೋಟ್ ಹೊಡ್ಕೊಂಡಿದ್ದೀಯಲ್ಲ?" ಚೀಟಿ ಬರೆಯುವವನು ಬಾಗಿಲಲ್ಲಿ ಇಣುಕುತ್ತಾನೆ.

"ನಿನ್ನ ಬಾಯಿಗೂ ಒಂದು ಲೋಟ ಹೊಯ್ಯಲಾ? ಸ್ವಲ್ಪ ಹೊತ್ತಾದ್ರೂ ಮುಚ್ಚಿರುತ್ತೆ," ತಲೆ ಎತ್ತದೆ ಹೇಳುತ್ತಾಳೆ.

ಮಗಳು ಫೋನ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಎರಡು ವರ್ಷದ ಹಿಂದೆ ಕೆಳತುಟಿ ಚುಚ್ಚಿಸಿಕೊಂಡು ಮನೆಗೆ ಬಂದಳು. ಹೊರಗೆ ಹೊಳೆಯುವ ಮಣಿ, ಒಳಗೆ ಅಂಗಿಯ ಗುಂಡಿಯಂಥ ಬಿಲ್ಲೆ. ಅಂಥ ಬಿಲ್ಲೆ ಏನು ಮಾಡುತ್ತದೆಂದು ಅಮ್ಮನಿಗೆ ಚೆನ್ನಾಗಿ ಗೊತ್ತು. ಮಾತಾಡಿದಾಗ, ಅಗಿದಾಗಲೆಲ್ಲ ಅದು ವಸಡಿಗೆ ಉಜ್ಜುತ್ತದೆ. ವಸಡು ಸವೆದು ಕೆಳಗಿಳಿದು ಹಲ್ಲಿನ ಬೇರು ಬಯಲಾಗುತ್ತದೆ. ನಾಲಿಗೆಗೆ ಹಾಕಿಸಿಕೊಂಡವರು ಮಣಿ ಕಚ್ಚಿ ಕಚ್ಚಿ ಹಲ್ಲಿನ ಅಂಚನ್ನೇ ಚಕ್ಕೆ ಎಬ್ಬಿಸಿಕೊಳ್ಳುತ್ತಾರೆ. "ಮೊದಮೊದಲು ನೋವೇ ಇರಲ್ಲ, ಅದೇ ಮೋಸ. ಇಳಿದ ವಸಡು ತಾನಾಗಿ ಮೇಲೆ ಬರಲ್ಲ," ಎನ್ನುತ್ತಾಳೆ ಈಗ.

ಅಂದು ಮಗಳಿಗೆ ಇಷ್ಟನ್ನು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ, ಬೈದಳು. "ದನಾನಾ ನೀನು? ಮೂಗುದಾರನೂ ಹಾಕಿಸ್ಕೊಂಡು ಬಾ! ಈ ಬಾಯಿ ನನಗೆ ತೋರಿಸ್ಬೇಡ."

"ನಿನಗೆ ಪ್ಲಾಸ್ಟರ್ ಬಾಯಿಗಳೇ ಸರಿ ಬಿಡಮ್ಮ. ಅವು ಎದುರು ಮಾತಾಡಲ್ಲ," ಅಂದಳು ಮಗಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಮಗಳು ಅಮ್ಮನ ಮುಂದೆ ನಗಲಿಲ್ಲ. ಊಟಕ್ಕೆ ಕೂತರೂ ಗೋಡೆಯ ಕಡೆ ಮುಖ.

ವರ್ಷ ಕಳೆದ ಮೇಲೆ ಹಲ್ಲು ಅಲುಗಾಡತೊಡಗಿತು. ಮಗಳು ಅಮ್ಮ ಮನೆಗೆ ಹೋದ ಹೊತ್ತು ನೋಡಿ ಡಾಕ್ಟರಮ್ಮನ ಬಳಿ ಬಂದಳು, ಅಮ್ಮನಿಗೆ ಹೇಳಬೇಡಿ ಎಂದು ಬೇಡಿಕೊಂಡಳು. ಮರುದಿನ ಬೆಳಗ್ಗೆ ಆ ಅಚ್ಚು ಬರೀ ನಂಬರಾಗಿ ಪ್ಲಾಸ್ಟರಕ್ಕನ ಮುಂದೆ ಬಂತು. ಹೊಯ್ದು ಬಿಡಿಸಿದರೆ ಮುಂದಿನ ಹಲ್ಲಿನ ಬುಡದಲ್ಲಿ ಒಂದು ಗುಂಡಿ. ಪ್ಲಾಸ್ಟರಿನೊಳಗೆ ಗಾಳಿ ಸಿಕ್ಕಿಕೊಂಡರೆ ಇಂಥ ಗುಂಡಿ ಬೀಳುವುದುಂಟು. ಅಂಥದನ್ನು ಮುಚ್ಚುವುದರಲ್ಲಿ ಅವಳದು ಎತ್ತಿದ ಕೈ. ಚಿಟಿಕೆ ಪ್ಲಾಸ್ಟರ್ ತುಂಬಿ, ಒದ್ದೆ ಬೆರಳಲ್ಲಿ ಸವರಿ, ವಸಡನ್ನು ಅಕ್ಕಪಕ್ಕದ ಗೆರೆಗೆ ಸಮ ಮಾಡಿ ಕಳಿಸಿದಳು.

ಅಲುಗಾಡುವ ಹಲ್ಲನ್ನು ಹಿಡಿದಿಡಲು ಆ ಮಾದರಿಯ ಮೇಲೆ ಮಾಡಿದ ಆಸರೆಪಟ್ಟಿ ಮಗಳ ಬಾಯಲ್ಲಿ ಕೂರಲಿಲ್ಲ. ಡಾಕ್ಟರಮ್ಮ ಮಾದರಿ ಹಿಡಿದು ಹಿಂದಿನ ಕೋಣೆಗೆ ಬಂದರು. "ಇಲ್ಲಿ ಮುಚ್ಚಿದ್ದು ಯಾರು?"

"ಗಾಳಿಗುಳ್ಳೆ ಅಂದ್ಕೊಂಡೆ ಮೇಡಂ."

"ಗುಳ್ಳೆ ಅಲ್ಲಮ್ಮ. ವಸಡೇ ಅಷ್ಟು ಇಳಿದಿದೆ." ಮಾದರಿಯನ್ನು ಅವಳ ಮುಂದಿಟ್ಟು ಅವರು ಹೇಳಿಯೇಬಿಟ್ಟರು, ಅದು ಯಾರ ಬಾಯಿ ಎಂದು.

ಎರಡನೇ ಪಟ್ಟಿ ಬರುವಷ್ಟರಲ್ಲಿ ಕೀವಾಗಿತ್ತು. ಹಲ್ಲು ಕೀಳಬೇಕಾಯಿತು. "ನಿನ್ನಿಂದ ಹೋಗಿದ್ದಲ್ಲ, ಒಳಗೆ ಮೂಳೆ ಆಗ್ಲೇ ಕರಗಿತ್ತು" ಎಂದು ಡಾಕ್ಟರಮ್ಮ ಎಷ್ಟೋ ಸಲ ಹೇಳಿದ್ದಾರೆ. "ಅವರು ಒಳ್ಳೆಯವರು, ಹಾಗೇ ಹೇಳ್ತಾರೆ," ಎನ್ನುತ್ತಾಳೆ ಇವಳು.

ಮಗಳ ಹೊಸ ಹಲ್ಲಿಗೆ ಮಾದರಿ ಹೊಯ್ದದ್ದೂ ಅವಳೇ, ಮೂರು ಸಲ ಕೆಡಿಸಿ ಮತ್ತೆ ಮಾಡಿ. ಹುಟ್ಟಿದ ಹಲ್ಲಿನ ಹಾಗೆಯೇ ಕೂತಿದೆ. "ಅದೇ ನನಗೆ ತಿರುಗಿ ಬಿತ್ತು ನೋಡಿ. ಕಟ್ಟಿಸಿದ ಹಲ್ಲು ಅಂತ ಯಾರಿಗೂ ಗೊತ್ತಾಗಲ್ಲ, ಮತ್ಯಾಕೆ ಮಣಿ ತೆಗೀಲಿ ಅಂತಾಳೆ."

ಏಳು ಗಂಟೆ. ಒಂಬತ್ತನೇ ತಟ್ಟೆಯನ್ನು ಬಿಡಿಸುತ್ತಾಳೆ. ಮೂರು ತಿಂಗಳ ಹಿಂದಿನ ಮಾದರಿಯನ್ನು ಪಕ್ಕಕ್ಕಿಟ್ಟು ಅಳತೆಕಡ್ಡಿ ಹಿಡಿಯುತ್ತಾಳೆ, ಒಮ್ಮೆ, ಮತ್ತೊಮ್ಮೆ. ಒಂದು ಮಿಲಿಮೀಟರ್ ಕೆಳಗೆ. ನಂಬರಿನ ಮುಂದೆ ಅಷ್ಟನ್ನೇ ಬರೆದು ಮಾದರಿಯನ್ನು ಡಾಕ್ಟರಮ್ಮನ ಮೇಜಿಗೆ ಕಳಿಸುತ್ತಾಳೆ. ಕೈ ತೊಳೆಯುತ್ತಾಳೆ, ಬಹಳ ಹೊತ್ತು.

ಇನ್ನೇನು ಬೇಕು ನಿಮಗೆ ಎಂದು ಕೇಳಿದರೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳುತ್ತಾಳೆ: "ಏನೂ ಬೇಡ. ಊರವರ ಬಾಯೆಲ್ಲ ನೋಡಿದ್ದಾಯ್ತು. ಅವಳಾಗೇ ಬಂದು 'ಅಮ್ಮಾ, ನೋಡು' ಅಂತ ಒಂದ್ಸಲ ಬಾಯಿ ತೆಗೆದ್ರೆ ಸಾಕು. ಈ ಸಲ ನಾನು ಬೈಯಲ್ಲ."