ಬೆಚ್ಚಗಿದ್ದ ಬಾನೆಟ್

ಇಂಥ ಸಂಗತಿಗಳನ್ನು ನಾನು ನಂಬುತ್ತಿರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಕಾನ್ವೆಂಟಿನಲ್ಲಿ ಓದಿದವಳು. ಬೋರ್ಡಿಂಗಿನಲ್ಲಿ ಯಾವಳಾದರೂ ಹುಡುಗಿ ಕಾರಿಡಾರಿನಲ್ಲಿ ಏನೋ ಕಂಡೆ ಅಂತ ಚೀರಿದರೆ ನಮ್ಮ ಮದರ್ ಸುಪೀರಿಯರ್ ಅವಳಿಗೆ ಒಂದು ಚಮಚ ಹರಳೆಣ್ಣೆ ಕುಡಿಸುತ್ತಿದ್ದರು. ಮರುದಿನದಿಂದ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಮುಂದೆ ದಾಂಡೇಲಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಇಂಗ್ಲಿಷ್ ಕಲಿಸುವಾಗ ನನ್ನದೂ ಅದೇ ಪಾಲಿಸಿ. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ "ನಾನ್‌ಸೆನ್ಸ್" ಅಂದು ಉತ್ತರಪತ್ರಿಕೆಗಳ ಕಟ್ಟಿಗೆ ತಲೆ ಬಗ್ಗಿಸುತ್ತಿದ್ದೆ. ಈಗ ನಾನೇ ಒಂದು ಕಥೆ ತೆಗೆದು ಕೂತಿದ್ದೇನೆ. ನೀವೂ ನಾನ್‌ಸೆನ್ಸ್ ಅನ್ನಿ, ನನಗೆ ಬೇಜಾರಿಲ್ಲ. ಪೂರ್ತಿ ಓದಿ ಆಮೇಲೆ ಅನ್ನಿ, ಅಷ್ಟೇ.

ಆರು ವರ್ಷದ ಹಿಂದಿನ ಮಾತು. ಕಣ್ಣಿನ ಡಾಕ್ಟರು ಗ್ಲಾಕೋಮಾ ಅಂದರು. ಇನ್ನೊಂದು ನಾಲ್ಕೈದು ವರ್ಷ ಡ್ರೈವ್ ಮಾಡಬಹುದು ಮೇಡಂ, ಆಮೇಲೆ ಬೇಡ, ಅಂದರು. ನನ್ನ ವಯಸ್ಸಿನ ಬೇರೆಯವರಾಗಿದ್ದರೆ ಕಾಶಿಗೆ ಹೋಗುವ ಯೋಚನೆ ಮಾಡುತ್ತಿದ್ದರೇನೋ. ನಾನು ಆಸ್ಪತ್ರೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಒಂದು ಸ್ಪೋರ್ಟ್ಸ್ ಕಾರು ಕೊಳ್ಳುವುದು ಎಂದು ನಿರ್ಧಾರ ಮಾಡಿಯಾಗಿತ್ತು.

ನಗಬೇಡಿ. ನನ್ನ ಅಪ್ಪ ಪೇಪರ್ ಮಿಲ್ಲಿನಲ್ಲಿ ಕ್ಲರ್ಕ್ ಆಗಿದ್ದರು. ನನಗೆ ಒಂಬತ್ತು ವರ್ಷವಿದ್ದಾಗ ಕಾಲನಿಗೆ ಬಂದ ಒಬ್ಬ ಎಂಜಿನಿಯರ್ ಸಾಹೇಬರ ಹತ್ತಿರ ಹಸಿರು ಬಣ್ಣದ, ನೆಲಕ್ಕೆ ಅಂಟಿದಂತಿದ್ದ, ಎರಡೇ ಸೀಟಿನ ಕಾರಿತ್ತು. ಒಂದು ಸಂಜೆ ಅವರು ಅದನ್ನು ನಿಲ್ಲಿಸಿ ಒಳಗೆ ಹೋದದ್ದೇ ನಾನು ಓಡಿಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು, ಹಾಲು ಕುಡಿದು ಮಲಗಿದ ಕರುವಿನ ಹೊಟ್ಟೆಯ ಹಾಗೆ. ವರಾಂಡದಿಂದ ಅವರ ಹೆಂಡತಿ, "ಡೋಂಟ್ ಟಚ್, ಬೇಬಿ" ಅಂದರು. ಬೈದದ್ದಲ್ಲ, ಮೆತ್ತಗೇ ಅಂದದ್ದು. ನಾನು ಕೈಯನ್ನು ಫ್ರಾಕಿನ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಆಮೇಲೆ ಓದು, ನೌಕರಿ, ಅವ್ವನ ಕಾಯಿಲೆ, ತಮ್ಮನ ಕಾಲೇಜು. ಮದುವೆ ಆಗಲಿಲ್ಲ, ಆ ವಿಷಯ ಇಲ್ಲಿ ಬೇಡ. ಜೇಬಿನಲ್ಲಿಟ್ಟ ಕೈ ಐವತ್ತು ವರ್ಷ ಜೇಬಿನಲ್ಲೇ ಉಳಿಯಿತು ಅನ್ನಿ.

ಕೈಯಲ್ಲಿದ್ದ ದುಡ್ಡು ಒಂದೇ ಒಂದು ಹಳೇ ಕಾರಿಗೆ ಸಾಲುವಂಥದ್ದು. ಅದರಲ್ಲಿ ಮೋಸ ಹೋದರೆ ಇನ್ನೊಂದಕ್ಕೆ ದುಡ್ಡೂ ಇಲ್ಲ, ಕಣ್ಣೂ ಇಲ್ಲ. ಹಳಿಯಾಳದಲ್ಲಿರುವ ನನ್ನ ತಮ್ಮ ಕೇಳಿ ಹಣೆ ಬಡಿದುಕೊಂಡ. "ಅಕ್ಕಾ, ಈ ವಯಸ್ಸಿನ್ಯಾಗ ಮಂದಿ ವಾಕರ್ ತಗೋತಾರ!"

"ವಾಕರಿನ ಟಾಪ್ ಇಳಿಸಿ ಗಾಳ್ಯಾಗ ಓಡಸಾಕ ಬರೂದಿಲ್ಲಪಾ," ಅಂದೆ.

ಕಾರು ಹುಡುಕಲು ನನಗೆ ಜೊತೆಯಾದವನು ಬಸ್ತ್ಯಾಂವ ಸಿದ್ದಿ. ಒಂದು ಕಾಲಕ್ಕೆ ನನ್ನ ಕ್ಲಾಸಿನ ಲಾಸ್ಟ್ ಬೆಂಚಿನವನು, ಈಗ ಹಳಿಯಾಳ ರಸ್ತೆಯಲ್ಲಿ ಗ್ಯಾರೇಜ್ ಇಟ್ಟು, ಕಿವಿಗೆ ಸ್ಕ್ರೂಡ್ರೈವರ್ ಹಚ್ಚಿ ಎಂಜಿನ್ನಿನ ಕಾಯಿಲೆ ಹೇಳುವವನು. ಪಾಸ್ಟ್ ಟೆನ್ಸ್ ಅವನಿಗೆ ಎಂದೂ ಹತ್ತಲಿಲ್ಲ, ಆದರೆ ಹಳೇ ಗಾಡಿಯ ಪಾಸ್ಟ್ ಅವನಷ್ಟು ಬಲ್ಲವರಿಲ್ಲ. ಅವನು ನನಗೆ ಒಂದೇ ಶರತ್ತು ಹಾಕಿದ.

"ಟೀಚರ್, ಗಾಡಿ ನೋಡಾಕ ಹೋಗೂ ಮುಂದ ಫೋನ್ ಮಾಡಬಾರ್ದು. ನಸುಕಿನ್ಯಾಗ ಹೋಗಬೇಕು. ಹೋದ ಕೂಡ್ಲೇ ಬಾನೆಟ್ ಮುಟ್ಟಬೇಕು. ತಣ್ಣಗಿದ್ರ ಮುಂದಿನ ಮಾತು. ಬೆಚ್ಚಗಿತ್ತಂದ್ರ ನಮಗಿಂತ ಮೊದಲ ಚಾಲೂ ಮಾಡಿ ಇಟ್ಟಾರ, ಎಂಜಿನ್ನಿಗೆ ರೋಗ ಐತಿ ಅಂತ ಲೆಕ್ಕ. ತಿರುಗಿ ನೋಡದ ಬರಬೇಕು. ಪ್ರಾಮಿಸ್ ಮಾಡ್ರಿ."

ಮಾಡಿದೆ. ಆ ಶರತ್ತಿನ ಮೇಲೆಯೇ ಧಾರವಾಡದಲ್ಲೊಂದು, ಬೆಳಗಾವಿಯಲ್ಲೊಂದು ಚೆಂದದ ಕಾರನ್ನು ಬಿಟ್ಟು ಬಂದೆವು. ಎರಡರ ಬಾನೆಟ್ಟೂ ಬೆಳಿಗ್ಗೆ ಏಳಕ್ಕೇ ಬೆಚ್ಚಗಿದ್ದವು, ಎರಡರ ಮಾಲೀಕರೂ ಈಗಷ್ಟೇ ಎದ್ದವರಂತೆ ಕಣ್ಣು ಉಜ್ಜುತ್ತಿದ್ದರು.

ಮೂರನೆಯದು ಮುಂಡಗೋಡ ತಾಲೂಕಿನ ಇಂದೂರಿನಲ್ಲಿತ್ತು. ಎರಡು ಸೀಟಿನದು, ಮೇಲಿನ ಹುಡ್ ಹಿಂದಕ್ಕೆ ಮಡಚುವಂಥದ್ದು, ಫೈಬರ್ ಬಾಡಿ. ಕಂಪನಿ ಮುಚ್ಚಿ ಎಷ್ಟೋ ವರ್ಷವಾಗಿದೆ. ವೀರಪ್ಪ ಎಂಬ ರೈತರ ತಮ್ಮ ಅದನ್ನು ಹುಮ್ಮಸ್ಸಿಗೆ ಗೋವಾದಿಂದ ತಂದು, ಸ್ವಲ್ಪ ದಿನ ಓಡಿಸಿ, ಹುಬ್ಬಳ್ಳಿಗೆ ಮನೆ ಮಾಡಿದಾಗ ಅಣ್ಣನ ಶೆಡ್ಡಿನಲ್ಲಿ ಬಿಟ್ಟುಹೋಗಿದ್ದ.

ಡಿಸೆಂಬರ್ ತಿಂಗಳು. ಕೋಳಿ ಕೂಗುವ ಮೊದಲೇ ನನ್ನ ಹಳೇ ಸಣ್ಣ ಕಾರಿನಲ್ಲಿ ದಾಂಡೇಲಿ ಬಿಟ್ಟೆವು. ಇಂದೂರು ಮುಟ್ಟಿದಾಗ ಗದ್ದೆಗಳ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ವೀರಪ್ಪ ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡೇ ಶೆಡ್ಡಿನ ತಟ್ಟಿ ಸರಿಸಿದರು. ಗೋವಿನಜೋಳದ ಚೀಲಗಳ ನಡುವೆ ತಾಡಪತ್ರಿ ಹೊದ್ದು ಕಾರು ನಿಂತಿತ್ತು. ನಾಲ್ಕೂ ಟೈರು ಗಾಳಿ ಹೋಗಿ ನೆಲ ಹಿಡಿದಿದ್ದವು, ಸ್ಟಿಯರಿಂಗಿನಿಂದ ಕನ್ನಡಿಯವರೆಗೆ ಜೇಡ ಬಲೆ ನೇಯ್ದಿತ್ತು. ಬಾನೆಟ್ ಮೇಲೆ ಬಟ್ಟೆ ಮುಚ್ಚಿದ ಒಂದು ಪಾತ್ರೆ ಇತ್ತು. ಅದನ್ನು ಕೆಳಗಿಟ್ಟು ಬಸ್ತ್ಯಾಂವ ತಾಡಪತ್ರಿ ಎತ್ತಿ ಕೈ ಇಟ್ಟ. ನನ್ನ ಕಡೆ ನೋಡಿದ.

"ನಡೀರಿ ಟೀಚರ್."

ನಾನೂ ಕೈ ಇಟ್ಟೆ. ಬೆಚ್ಚಗಿತ್ತು. ಕರುವಿನ ಹೊಟ್ಟೆ.

"ಯಾಕ್ರೀ, ಏನಾತು?" ಅಂದರು ವೀರಪ್ಪ.

"ನಾವು ಬರೂದು ಹೆಂಗ ಗೊತ್ತಾತ್ರೀ ನಿಮಗ? ಚಾಲೂ ಮಾಡಿ ಇಟ್ಟೀರಿ."

ವೀರಪ್ಪ ಕಡ್ಡಿ ಉಗಿದರು. "ಚಾಲೂ ಮಾಡಾಕ ಬ್ಯಾಟರಿ ಎಲ್ಲೈತೋ ಮಾರಾಯಾ? ಬಿಚ್ಚಿ ಎರಡು ವರ್ಷಾತು. ತಗದು ನೋಡು."

ತೆಗೆದು ನೋಡಿದೆವು. ಬ್ಯಾಟರಿ ಇರಲಿಲ್ಲ. ರೇಡಿಯೇಟರಿನಲ್ಲಿ ಹನಿ ನೀರಿರಲಿಲ್ಲ. ಗಾಳಿ ಒಳಗೆಳೆಯುವ ಕೊಳವೆಯ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಬಸ್ತ್ಯಾಂವ ಎಂಜಿನ್ನಿನ ಕಬ್ಬಿಣಕ್ಕೇ ಕೈ ಇಟ್ಟ. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಅದರಲ್ಲಿ ಎಣ್ಣೆಯೇನೂ ಹತ್ತಿರಲಿಲ್ಲ. "ಈಗರ ಅನಮೋಡ ಘಾಟ್ ಹತ್ತಿ ಬಂದು ನಿಂತಂಗೈತಿ," ಅಂದು ಶಿಲುಬೆಯ ಗುರುತು ಮಾಡಿಕೊಂಡ.

ಅಷ್ಟರಲ್ಲಿ ವೀರಪ್ಪನವರ ಹೆಂಡತಿ ಗಂಗವ್ವ ಬಂದು, ನಾವು ಕೆಳಗಿಟ್ಟಿದ್ದ ಪಾತ್ರೆ ಎತ್ತಿಕೊಂಡರು. ಅದರಲ್ಲಿ ಮೊಸರಿತ್ತು, ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ. "ಚಳಿಗಾಲದಾಗ ಒಳಗಿಟ್ರ ಹೆಪ್ಪ ಆಗೂದಿಲ್ರೀ. ಇದರ ಮ್ಯಾಲ ಇಟ್ರ ಚೊಲೋ ಆಗತೈತಿ," ಅಂದರು, ಒಲೆಯ ವಿಷಯ ಹೇಳುವಷ್ಟು ಸಲೀಸಾಗಿ. ಆಮೇಲೆ ಗಂಡನ ಕಡೆ ತಿರುಗಿ, "ಇದನ್ನ ಮಾರ್ತೀ ಅಲಾ, ನಾ ಮೊಸರು ನಿನ್ನ ತಲೀ ಮ್ಯಾಲ ಇಡಲೇನ?" ಅಂದರು.

"ಯಾಕೆ ಬೆಚ್ಚಗಿರುತ್ತೆ ಅಂತ ಯಾವತ್ತೂ ಅನ್ನಿಸಲಿಲ್ಲವೇನ್ರೀ?" ಎಂದು ನಾನು ಕೇಳಿದೆ.

"ಗಾಡಿ ಅಲ್ಲೇನ್ರೀ? ಗಾಡಿ ಬೆಚ್ಚಗಿರ್ತಾವ."

ಬಸ್ತ್ಯಾಂವ ಆಗಲೇ ಶೆಡ್ಡಿನ ಹೊರಗಿದ್ದ. "ಹೋಗೂಣ್ರಿ ಟೀಚರ್. ಪ್ರಾಮಿಸ್ ಮಾಡೀರಿ." ಅವನು ಹೇಳುವುದು ಸರಿಯಾಗಿತ್ತು. ಆದರೆ ನಾನು ಹಟಮಾರಿ, ಮತ್ತು ಹರಳೆಣ್ಣೆಯ ಸ್ಕೂಲಿನವಳು. ಎಲ್ಲದಕ್ಕೂ ಒಂದು ಕಾರಣ ಇದ್ದೇ ಇರಬೇಕು. ಚೀಲದೊಳಗಿನ ಜೋಳ ಕಾವು ಬಿಡುತ್ತಿರಬಹುದು, ನೆಲದಡಿಯಿಂದ ಬರುತ್ತಿರಬಹುದು. ಟೈರಿಗೆ ಗಾಳಿ ಹಾಕಿ, ಕಾರನ್ನು ಅಂಗಳಕ್ಕೆ ತಳ್ಳೋಣ ಅಂದೆ. ಬಸ್ತ್ಯಾಂವ ಗೊಣಗುತ್ತಲೇ ಕಾಲಿನ ಪಂಪು ತಂದ. ನಾಲ್ವರೂ ತಳ್ಳಿದೆವು, ಗಂಗವ್ವನೇ ಎಲ್ಲರಿಗಿಂತ ಜೋರು. ಅಂಗಳದಲ್ಲಿ ಬಿಸಿಲಿನ ಸುಳಿವಿರಲಿಲ್ಲ, ಮಂಜು ಮುಖಕ್ಕೆ ಹತ್ತುತ್ತಿತ್ತು. ಹೊರಗಿನ ತೊಟ್ಟಿಯಲ್ಲಿ ರಾತ್ರಿಯೆಲ್ಲ ನಿಂತ ನೀರನ್ನು ಕೊಡಗಟ್ಟಲೆ ಬಾನೆಟ್ ಮೇಲೆ, ಒಳಗೆ ಎಂಜಿನ್ ಮೇಲೆ ಸುರಿಸಿದೆ. ಕೈ ಇಟ್ಟು ನೋಡಿದೆ. ಬೆರಳು ಮರಗಟ್ಟುವಷ್ಟು ತಣ್ಣಗಾಗಿತ್ತು. "ನೋಡು," ಅಂದೆ ಬಸ್ತ್ಯಾಂವನಿಗೆ, ಗೆದ್ದವಳ ಹಾಗೆ.

ಗಂಗವ್ವ ಚಹಾ ಇಡಲು ಒಳಗೆ ಹೋದರು. ನಾನು ಕೈ ತೆಗೆಯಲಿಲ್ಲ. ಯಾಕೆ ಅಂತ ಕೇಳಬೇಡಿ. ಹಾಗೇ ನಿಂತಿದ್ದೆ. ಚಹಾ ಕುದಿಯುವಷ್ಟು ಹೊತ್ತಿನಲ್ಲಿ, ನನ್ನ ಅಂಗೈ ಕೆಳಗೆ, ಆ ತಣ್ಣಗಿನ ಫೈಬರು ನಿಧಾನಕ್ಕೆ ಬೆಚ್ಚಗಾಯಿತು. ನನ್ನ ಕೈಯ ಕಾವು ಅನ್ನಬಹುದು ನೀವು. ನಾನೂ ಹಾಗೇ ಅಂದುಕೊಂಡು ಕೈಯನ್ನು ಮೊಳದಷ್ಟು ಆಚೆ ಸರಿಸಿದೆ. ಅಲ್ಲಿಯೂ ಬೆಚ್ಚಗಿತ್ತು. ಇನ್ನೂ ಆಚೆ, ಹೆಡ್‌ಲೈಟಿನ ಹತ್ತಿರ, ಅಲ್ಲಿಯೂ. ನೀರಿನ ಹನಿಗಳು ಮೆಲ್ಲಗೆ ಆರುತ್ತಿದ್ದವು. ಸದ್ದಿಲ್ಲ, ಹೊಗೆಯಿಲ್ಲ, ವಾಸನೆಯಿಲ್ಲ. ನನಗೆ ಹೆದರಿಕೆ ಆಗಲಿಲ್ಲ. ಹೆದರಿಕೆ ಆಗದೇ ಇದ್ದದ್ದಕ್ಕೆ ಆಮೇಲೆ ಹೆದರಿಕೆ ಆಯಿತು.

ಚಹಾ ಕುಡಿದು ಮುಗಿಸುವಾಗ ಬಸ್ತ್ಯಾಂವ ಬಹಳ ಮೆತ್ತಗೆ ಹೇಳಿದ. "ಟೀಚರ್, ಇದು ಒಂದ ಸಲದ ರೊಕ್ಕ ನಿಮ್ದು. ಬೆಚ್ಚಗಿದ್ರ ಬ್ಯಾಡ ಅಂತ ನಾನ ಹೇಳೇನಿ. ನಿಮಗ ಏನರ ಆದ್ರ ನಾ ಯಾರಿಗೆ ಮಾರಿ ತೋರಸ್ಲಿ?"

ಅವನ ಮಾತಿನಲ್ಲಿ ಪ್ರೀತಿಯಿತ್ತು, ಬುದ್ಧಿಯಿತ್ತು. ನನ್ನ ಉತ್ತರದಲ್ಲಿ ಎರಡೂ ಇರಲಿಲ್ಲ. "ಮತ್ತೊಬ್ಬರು ಮುಟ್ಟಬೇಡ ಅಂದದ್ದು ಸಾಕಾಗೇತಿ ಬಸ್ತ್ಯಾಂವ," ಅಂದೆ. ಜೀವನದಲ್ಲಿ ಕೊಟ್ಟ ಮಾತು ಮುರಿದದ್ದು ಅದೊಂದೇ ಸಲ. ವೀರಪ್ಪನವರ ಜೊತೆ ಚೌಕಾಸಿಗೆ ಅವನು ಬರಲಿಲ್ಲ, ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ. ಗಂಗವ್ವ ಮಾತ್ರ ಮೊಸರಿಗೆ ಒಂದು ದೊಡ್ಡ ಹಾಟ್ ಬಾಕ್ಸ್ ಕೊಡಿಸಿದರೇ ಕಾರು ಅಂಗಳ ದಾಟುವುದು ಅಂದರು. ಮುಂಡಗೋಡದ ಪೇಟೆಯಿಂದ ತಂದು ಕೊಟ್ಟೆ.

ಕಾರು ಲಾರಿಯ ಮೇಲೆ ಬಸ್ತ್ಯಾಂವನ ಗ್ಯಾರೇಜಿಗೆ ಬಂತು. ಸಿಟ್ಟಿದ್ದರೂ ಅವನು ಕೆಲಸದಲ್ಲಿ ಮೋಸ ಮಾಡುವವನಲ್ಲ. ಎಂಜಿನ್ ಪೂರ್ತಿ ಬಿಚ್ಚಿ, ನಟ್ಟು ನಟ್ಟು ತೊಳೆದು, ಮತ್ತೆ ಕೂಡಿಸಿದ. ಏನೂ ಸಿಗಲಿಲ್ಲ. ಎಲ್ಲ ಎಂಜಿನ್ನುಗಳ ಹಾಗೆ ಒಂದು ಎಂಜಿನ್ನು. ದಿನಾ ಬೆಳಿಗ್ಗೆ ಫೋನ್ ಮಾಡಿ, "ಇವತ್ತೂ ಐತ್ರಿ," ಅನ್ನುತ್ತಿದ್ದ, ಜ್ವರದ ಸುದ್ದಿ ಕೊಡುವವರ ಹಾಗೆ. ಎಂಜಿನ್ನನ್ನು ಬಿಚ್ಚಿ ಬಟ್ಟೆಯ ಮೇಲೆ ಹರಡಿದ್ದ ದಿನಗಳಲ್ಲೂ ಖಾಲಿ ಬಾನೆಟ್ಟು ಬೆಚ್ಚಗೇ ಇತ್ತಂತೆ. ಗ್ಯಾರೇಜಿನ ನಾಯಿ ಅದರ ಮೇಲೆಯೇ ಮಲಗತೊಡಗಿತು.

ನಾನೂ ಸುಮ್ಮನೆ ಕೂರಲಿಲ್ಲ. ಆರ್‌ಸಿ ಪುಸ್ತಕದಲ್ಲಿದ್ದ ಹಿಂದಿನ ಇಬ್ಬರು ಮಾಲೀಕರಿಗೂ ಫೋನ್ ಮಾಡಿದೆ. ಇಂಥ ಕಥೆಗಳಲ್ಲಿ ಯಾರೋ ಒಬ್ಬರು ಸತ್ತಿರಬೇಕಲ್ಲ. ಯಾರೂ ಸತ್ತಿರಲಿಲ್ಲ. ಗೋವಾದ ಮಡಗಾಂವದಲ್ಲಿದ್ದ ಮುದುಕರು ಮೊಮ್ಮಗಳ ಮದುವೆಯ ಗಡಿಬಿಡಿಯಲ್ಲಿದ್ದರು. ಹುಬ್ಬಳ್ಳಿಯಲ್ಲಿದ್ದ ವೀರಪ್ಪನವರ ತಮ್ಮನಿಗೆ ಮೊಣಕಾಲು ನೋವು ಬಿಟ್ಟರೆ ಬೇರೇನಿಲ್ಲ. ಆಕ್ಸಿಡೆಂಟೂ ಇಲ್ಲ. ಕಾರು ಬೆಚ್ಚಗಿರುವುದನ್ನು ಇಬ್ಬರೂ ಕೇಳಿರಲಿಲ್ಲ. ಮೈಲೇಜ್ ಮಾತ್ರ ಏನೇನೂ ಇಲ್ಲ ಅಂತ ಇಬ್ಬರೂ ಎಚ್ಚರಿಸಿದರು.

ಎನ್‌ಒಸಿ, ಹೆಸರು ವರ್ಗಾವಣೆಯ ಕಾಗದ ಎಲ್ಲ ಮುಗಿದು, ಹೊಸ ಬ್ಯಾಟರಿ ಕೂಡಿಸಿದ ದಿನ ಮೊದಲ ಸಲ ಕೀ ತಿರುಗಿಸಿದವಳು ನಾನೇ. ಒಂದೇ ಸಲಕ್ಕೆ ಚಾಲೂ ಆಯಿತು. ಹುಡ್ ಹಿಂದಕ್ಕೆ ಮಡಚಿ, ಪಕ್ಕದಲ್ಲಿ ಬಸ್ತ್ಯಾಂವನನ್ನು ಕೂರಿಸಿಕೊಂಡು ಜೋಯಿಡಾ ಮೇಲಿಂದ ಅನಮೋಡದವರೆಗೆ ಹೋದೆ. ಕಾಡಿನ ತಿರುವುಗಳಲ್ಲಿ ಅವನು ಡ್ಯಾಶ್‌ಬೋರ್ಡ್ ಹಿಡಿದುಕೊಂಡು, "ಟೀಚರ್, ಸಾವಕಾಶ!" ಅನ್ನುತ್ತಿದ್ದ. ಕಟ್ಟಿದ ಸ್ಕಾರ್ಫು ಎಲ್ಲೋ ಹಾರಿಹೋಗಿತ್ತು. ಚೆಕ್‌ಪೋಸ್ಟಿನಲ್ಲಿ ಒಬ್ಬ ಪೇದೆ ಹತ್ತಿರ ಬಂದು, ನನ್ನ ಬಿಳಿ ಕೂದಲನ್ನೂ ಕಾರನ್ನೂ ನೋಡಿ, "ಯಾರ ಗಾಡಿರೀ ಇದು, ಅಜ್ಜಿ?" ಅಂದ.

"ನಂದು," ಅಂದೆ. ಆ ಒಂದು ಶಬ್ದ ಹೇಳಲು ಎಷ್ಟು ವರ್ಷ ತಗೊಂಡೆ ನೋಡಿ.

ಅಂದು ಸಂಜೆ ಕಾರನ್ನು ದಾಂಡೇಲಿಗೆ ತಂದು ನಿಲ್ಲಿಸಿದೆ. ಮರುದಿನ ಬೆಳಿಗ್ಗೆ ಎದ್ದು ಬಾನೆಟ್ ಮುಟ್ಟಿದೆ. ತಣ್ಣಗಿತ್ತು. ಅದರ ಮಾರನೇ ದಿನವೂ ತಣ್ಣಗೆ. ಎಲ್ಲರ ಕಾರಿನ ಹಾಗೆ, ಓಡಿಸಿದರೆ ಬಿಸಿ, ನಿಲ್ಲಿಸಿದರೆ ತಣ್ಣಗೆ. ಮುಂದಿನ ನಾಲ್ಕೂವರೆ ವರ್ಷ ಹಾಗೇ ಇತ್ತು. ಒಂದು ಸಲವೂ ದಾರಿಯಲ್ಲಿ ಕೈ ಕೊಡಲಿಲ್ಲ. ಬಸ್ತ್ಯಾಂವ ಆ ವಿಷಯ ಎತ್ತುವುದನ್ನೇ ಬಿಟ್ಟ. ನನಗಾಗಿ ಕಾಯುತ್ತಿತ್ತು ಅಂತ ಬರೆದುಬಿಡಲು ಆಸೆಯಾಗುತ್ತದೆ. ಆದರೆ ಕಬ್ಬಿಣ, ಫೈಬರು ಯಾರಿಗಾಗಿಯೂ ಕಾಯುವುದಿಲ್ಲ. ಹಾಗೆ ಬರೆದರೆ ನನ್ನ ಪೇಪರನ್ನು ನಾನೇ ಕೆಂಪು ಇಂಕಿನಲ್ಲಿ ಹೊಡೆಯಬೇಕಾಗುತ್ತದೆ.

ಕಳೆದ ವರ್ಷ ಡಾಕ್ಟರು ಇನ್ನು ಸಾಕು ಅಂದರು. ಕೀಯನ್ನು ಡಬ್ಬಿಗೆ ಹಾಕಿಟ್ಟೆ, ಬಸ್ತ್ಯಾಂವ ಬಂದು ಬ್ಯಾಟರಿ ಬಿಚ್ಚಿ ಒಯ್ದ. ಕಾರು ಹಿಂದಿನ ಶೆಡ್ಡಿನಲ್ಲಿದೆ. ಈಗ ಕೊಳ್ಳಲು ಒಬ್ಬಳು ಮುಂದೆ ಬಂದಿದ್ದಾಳೆ. ಜೋಯಿಡಾ ಕಡೆ ನರ್ಸ್ ಕೆಲಸ ಮಾಡುವ ಹುಡುಗಿ, ಸಂಬಳ ಉಳಿಸಿ ಉಳಿಸಿ ಇಟ್ಟಿದ್ದಾಳಂತೆ. ಫೋನಿನಲ್ಲಿ ಅವಳ ಧ್ವನಿ ಕೇಳಿಯೇ ನನಗೆ ಗೊತ್ತಾಯಿತು, ಇವಳೂ ಹಟದವಳು. ಯಾವ ದಿನ ಬರುತ್ತೇನೆ ಅಂತ ಹೇಳಲಿಲ್ಲ. ಬಸ್ತ್ಯಾಂವನ ಹತ್ತಿರ ಸಲಹೆ ಕೇಳಿದ್ದಾಳೆ ಅಂತ ಕಾಣುತ್ತದೆ. ಒಂದು ನಸುಕಿನಲ್ಲಿ ಬಂದು ಬಾನೆಟ್ ಮುಟ್ಟುತ್ತಾಳೆ.

ಕೆಲವು ದಿನಗಳಿಂದ ಪಕ್ಕದ ಮನೆಯ ಬೆಕ್ಕು ಶೆಡ್ಡು ಬಿಟ್ಟು ಹೋಗುತ್ತಿಲ್ಲ. ಚಳಿಗೆ ಇರಬಹುದು. ನನ್ನ ಅಂಗೈಯನ್ನು ನಾನು ಈಗ ನಂಬುವುದಿಲ್ಲ, ಮುದುಕಿಯ ಕೈಗೆ ತನಗೆ ಬೇಕಾದದ್ದೇ ತಿಳಿಯುತ್ತದೆ. ಅದಕ್ಕೆ ನಿನ್ನೆ ಸಂಜೆ ಒಂದೇ ಹಾಲನ್ನು ಎರಡು ಬಟ್ಟಲಿಗೆ ಹಾಕಿ, ಎರಡಕ್ಕೂ ಅಷ್ಟಷ್ಟೇ ಹೆಪ್ಪು ಹಾಕಿ, ಬೆಕ್ಕು ಮುಟ್ಟದ ಹಾಗೆ ತಟ್ಟೆ ಮುಚ್ಚಿ ಮೇಲೊಂದು ಕಲ್ಲು ಹೇರಿದೆ. ಒಂದನ್ನು ಅಡಿಗೆಮನೆಯಲ್ಲಿಟ್ಟೆ. ಇನ್ನೊಂದನ್ನು ಬಾನೆಟ್ ಮೇಲೆ.

ಈಗ ಬೆಳಿಗ್ಗೆ ಆರೂವರೆ. ಅಡಿಗೆಮನೆಯ ಬಟ್ಟಲು ನೋಡಿ ಬಂದೆ. ಹಾಲು ಹಾಲಾಗಿಯೇ ಇದೆ. ಶೆಡ್ಡಿಗೆ ಇನ್ನೂ ಹೋಗಿಲ್ಲ.