ಕೊಂಡಪಲ್ಲಿಯ ಜೀರುಂಡೆ

ಪರವಾಡದಿಂದ ಬರುವ ಕಂಪನಿ ಬಸ್ಸು ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ ನನ್ನನ್ನು ಇಳಿಸಿ ಹೋದ ಮೇಲೂ ಮೂಗಿನಲ್ಲಿ ಕಾರ್ಖಾನೆಯ ವಾಸನೆಯೇ ಉಳಿದಿರುತ್ತದೆ. ಎರಡು ಸಲ ಸೋಪು ಹಚ್ಚಿದರೂ ಹೋಗದ ಆ ವಾಸನೆಯನ್ನು ಹೋದ ಗುರುವಾರ ಇನ್ನೊಂದು ವಾಸನೆ ಸೋಲಿಸಿತು. ಬಾಗಿಲು ತೆರೆದರೆ ಮನೆ ತುಂಬ ಡಾಂಬರಗುಳಿಗೆಯ ಘಾಟು. ವಿಜಯವಾಡದಿಂದ ಅತ್ತೆ ಕಳಿಸಿದ ಮೂರು ಮರದ ಪೆಟ್ಟಿಗೆಗಳು ಬಂದಿದ್ದವು. ಆ ಘಾಟಿಗೆ ನಿಮಗೆ ಬೀರುವಿನ ರೇಷ್ಮೆ ಸೀರೆಗಳು ನೆನಪಾಗಬಹುದು. ನನಗೆ ನೆನಪಾಗುವುದು ನನ್ನ ಸೋದರಮಾವ. ಅವನು ತೀರಿಕೊಂಡು ಒಂದೂವರೆ ವರ್ಷವಾಯಿತು.

ಮಾವ ಧಾರವಾಡದವನು. ನೌಕಾಪಡೆಗೆ ಸೇರಿ ವಿಶಾಖಪಟ್ಟಣಕ್ಕೆ ಬಂದು, ಹಡಗಿನ ಎಂಜಿನ್ ಕೋಣೆಯಲ್ಲಿ ಇಪ್ಪತ್ತು ವರ್ಷ ಬೆವರಿ, ವಿಜಯವಾಡದ ತೆಲುಗು ಹುಡುಗಿಯನ್ನು ಮದುವೆಯಾಗಿ, ನಿವೃತ್ತಿಯ ನಂತರ ಅವಳ ಊರಲ್ಲೇ ನಿಂತವನು. ಹಡಗು ಹೊರದೇಶದ ಬಂದರಿಗೆ ಹೋದಾಗ ಉಳಿದವರು ಸೆಂಟು, ರೇಡಿಯೊ ತಂದರೆ ಇವನು ಬೆಂಕಿಪೊಟ್ಟಣದಲ್ಲಿ ಜೀರುಂಡೆ ತರುತ್ತಿದ್ದ. ಬೇಸಿಗೆಯಲ್ಲಿ ಮರಕ್ಕೆ ಕಚ್ಚಿಕೊಂಡು ಕಿವಿ ತೂತಾಗುವಂತೆ ಕೂಗುತ್ತದಲ್ಲ, ಅದೇ. ಮಲಯದ್ದರ ರೆಕ್ಕೆ ಬಿಚ್ಚಿದರೆ ಗೇಣಗಲ. ಅಮೆರಿಕದ್ದು ಕೆಂಪು ಕಣ್ಣಿನದು, ಹದಿನೇಳು ವರ್ಷ ನೆಲದೊಳಗಿದ್ದು ಮೇಲೆ ಬರುವಂಥದ್ದು. ಅದನ್ನು ಅಲ್ಲಿಯ ಮೇಷ್ಟ್ರೊಬ್ಬರು ಅಂಚೆಯಲ್ಲಿ ಕಳಿಸಿದ್ದರು. ಬದಲಿಗೆ ಮಾವ ನಮ್ಮ ಕಡೆಯ ಎರಡನ್ನು ಕಳಿಸಿಕೊಟ್ಟಿದ್ದ.

"ಹದಿನೇಳ ವರ್ಷ ಕತ್ತಲಾಗ ಕುಂತು, ಒಂದ ತಿಂಗಳ ಕೂಗಿ ಸಾಯ್ತದ ನೋಡು," ಎನ್ನುತ್ತಿದ್ದ. "ನಾನೂ ಇಪ್ಪತ್ತ ವರ್ಷ ಹಡಗಿನ ಹೊಟ್ಟ್ಯಾಗ ಇದ್ದೆ. ಇನ್ನ ನಾನೂ ಸ್ವಲ್ಪ ಕೂಗಾಂವ."

"ಕೂಗೋದು ಗಂಡು ಹುಳಾನೇ ಕದಾ? ಅದಕ್ಕs ಇಷ್ಟು ಪ್ರೀತಿ," ಎಂದು ಅತ್ತೆ ಒಳಗಿನಿಂದ ಚುಚ್ಚುತ್ತಿದ್ದಳು. ಅವಳ ಕನ್ನಡ ಮಾವನಿಂದ ಕಲಿತದ್ದು, ಬಾಲದ 'ಕದಾ' ಮಾತ್ರ ಕೃಷ್ಣಾ ತೀರದ ತೆಲುಗು.

ಜೀರುಂಡೆಯ ಜಾತಿ ಗುರುತಿಸಲು ರೆಕ್ಕೆಯ ನರ ನೋಡಬೇಕು, ಹೊಟ್ಟೆಯಡಿಯ ಮುಚ್ಚಳ ನೋಡಬೇಕು. ಆದರೂ ಅವಳಿಜವಳಿಗಳಂತಿರುವ ಎರಡನ್ನು ಬೇರೆ ಮಾಡಲು ಕೊನೆಗೆ ಬೇಕಾಗುವುದು ಅದರ ಕೂಗು. ದೇವರ ಕುಚೋದ್ಯ ನೋಡಿ, ಎಂಜಿನ್ ಕೋಣೆ ಮಾವನ ಕಿವಿಯನ್ನೇ ತಿಂದುಹಾಕಿತ್ತು. ಲಾರಿಯ ಹಾರನ್ ಕೇಳುತ್ತಿತ್ತು, ಅತ್ತೆಯ ಬೈಗುಳ ಬೇಕಾದಾಗ ಕೇಳುತ್ತಿತ್ತು. ಕೀರಲು ದನಿಗಳು ಮಾತ್ರ ಪೂರ್ತಿ ಹೋಗಿದ್ದವು. ಜಗತ್ತಿನ ಜೀರುಂಡೆಗಳನ್ನೆಲ್ಲ ಕೂಡಿಹಾಕಿದವನಿಗೆ ಒಂದರ ಕೂಗೂ ಕೇಳುತ್ತಿರಲಿಲ್ಲ.

ಆಗ ಬಂದವಳು ನಾನು. ಎಂಎಸ್ಸಿ ಮುಗಿಸಿ, ಕೆಲಸ ಹುಡುಕುತ್ತ ಅವರ ಮನೆಯಲ್ಲಿ ಒಂದು ವರ್ಷ ಉಂಡೆ. ಮಾವನಿಗೆ ನಾನು ಸೋದರಸೊಸೆಗಿಂತ ಹೆಚ್ಚಾಗಿ ಒಂದು ಜೊತೆ ಕಿವಿಯಾಗಿ ಕಂಡಿರಬೇಕು. ಬೇಸಿಗೆಯ ಬೆಳಗ್ಗೆ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಕೊಂಡಪಲ್ಲಿಯ ಗುಡ್ಡಕ್ಕೆ ಹೊರಡುತ್ತಿದ್ದ. ದೂರದಲ್ಲಿ ವಿದ್ಯುತ್ ಸ್ಥಾವರದ ಚಿಮಣಿಗಳು, ಮೇಲೆ ಬಿಸಿಲು, ಕೆಳಗೆ ನಾವಿಬ್ಬರು. ನಾನು ಕೇಳಿ, "ಗರಗಸದ ಹಾಗೆ", "ಒಗ್ಗರಣೆ ಸಿಡಿದ ಹಾಗೆ" ಎಂದು ಹೇಳಬೇಕು, ಅವನು ಬರೆದುಕೊಳ್ಳಬೇಕು. ಒಂದೊಂದು ಹುಳದ ಪಿನ್ನಿಗೂ ಒಂದು ಪುಟ್ಟ ಚೀಟಿ. ಊರು, ದಿನ, ಮರ, ಹಿಡಿದವರು. ಕೊನೆಯಲ್ಲಿ ಅವನೇ ಸೇರಿಸಿಕೊಂಡ ಒಂದು ಸಾಲು: ಕೇಳಿದವರು. ಅಲ್ಲಿ ನನ್ನ ಹೆಸರು.

ಒಂದು ಮೇ ತಿಂಗಳ ದಿನ ಅಕ್ಕಪಕ್ಕದ ಮರಗಳಲ್ಲಿ ಎರಡು ಸಿಕ್ಕವು, ನೋಡಲು ತದ್ರೂಪು. ಮೊದಲನೆಯದು ಒಂದೇ ಎಳೆತದಲ್ಲಿ ಕೂಗಿದ್ದನ್ನು ನಾನು ಕೇಳಿದ್ದೆ. ಎರಡನೆಯದು ಕೂಗುವಾಗ ಒದ್ದೆ ದುಪಟ್ಟಾವನ್ನು ತಲೆಗೆ ಸುತ್ತಿಕೊಂಡು, ಬಾರದ ಇಂಟರ್‌ವ್ಯೂ ಪತ್ರದ ಬಗ್ಗೆ ಯೋಚಿಸುತ್ತಿದ್ದೆ.

"ಇದು ಎಳದು ಕೂಗಿತೋ, ಕಡದು ಕಡದು ಕೂಗಿತೋ?" ಎಂದ ಮಾವ, ಹುಳವನ್ನು ಬಲೆಯಲ್ಲಿ ಹಿಡಿದುಕೊಂಡೇ.

ಕೇಳಲಿಲ್ಲ ಎಂದರೆ ಇನ್ನೊಂದು ಕೂಗುವವರೆಗೆ ಮಧ್ಯಾಹ್ನದ ತನಕ ಕಾಯಬೇಕು. ಬೇರೆ ಥರ ಕೂಗಿತು ಎಂದರೆ ಖುಷಿಯಾಗಿ ಮನೆಗೆ ಹೊರಟಾನು.

"ಕಡದು ಕಡದು," ಎಂದೆ.

ನನ್ನ ಎಣಿಕೆ ಸರಿಯಾಗಿತ್ತು. ದಾರಿಯಲ್ಲಿ ಎರಡು ನಿಂಬೆ ಸೋಡಾ ಕೊಡಿಸಿದ. ಇದು ಇನ್ನೂ ಯಾರೂ ಹೆಸರಿಡದ ಜಾತಿ ಎಂದು ಅವನಿಗೆ ಅನ್ನಿಸಿಬಿಟ್ಟಿತು. ಅಮೆರಿಕದ ಆ ಮೇಷ್ಟ್ರಿಗೆ ಬರೆದ. ಅವರು ಧ್ವನಿಮುದ್ರಣ ಕಳಿಸಿ ಎಂದರು. ಅಷ್ಟರಲ್ಲಿ ನನಗೆ ಪರವಾಡದ ಔಷಧಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಾವ ಒಬ್ಬನೇ ರೆಕಾರ್ಡರ್ ಹಿಡಿದು ಆ ಮರದಡಿ ಕೂತ, ಒಂದಲ್ಲ, ಆರು ಬೇಸಿಗೆ. ಕಳಿಸಿದ್ದೆಲ್ಲ ಒಂದೇ ಎಳೆತದ ಕೂಗು, ಮಾಮೂಲಿ ಜಾತಿ ಎಂದು ಉತ್ತರ ಬರುತ್ತಿತ್ತು.

"ಮಷೀನ ತಪ್ಪ ಕೇಳ್ತದ. ನಮ್ಮ ಹುಡುಗಿ ತಪ್ಪ ಕೇಳೂದಿಲ್ಲ," ಎಂದು ಫೋನಿನಲ್ಲಿ ಕಿರುಚುತ್ತಿದ್ದ. "ಒಮ್ಮೆ ಬಂದ ಹೋಗs. ನೀ ಕೇಳಿದ್ರ ಮುಗೀತು."

ಶಿಫ್ಟ್ ಇದೆ, ಆಡಿಟ್ ಇದೆ ಎನ್ನುತ್ತಿದ್ದೆ. ಹೇಳಿಬಿಡಬೇಕೆಂದು ಪ್ರತಿ ಮೇನಲ್ಲೂ ಅಂದುಕೊಂಡೆ. ನಾಚಿಕೆ ಬಿಡಲಿಲ್ಲ. ವರ್ಷ ಕಳೆದಷ್ಟೂ ಅದು ಬೆಳೆಯಿತು.

ನನ್ನ ಉದ್ಯೋಗ ಏನೆಂದು ಹೇಳಿದರೆ ನೀವು ನಕ್ಕೀರಿ. ಔಷಧಿಯ ಗುಣಮಟ್ಟದ ದಾಖಲೆಗಳನ್ನು ನೋಡಿ 'ಪರಿಶೀಲಿಸಿದವರು' ಎಂಬಲ್ಲಿ ರುಜು ಹಾಕುವುದು. ನೋಡದೆ ಅಂಕಿ ಬರೆದನೆಂದು ಒಬ್ಬನ ಕೆಲಸವನ್ನೇ ಕಳೆದಿದ್ದೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಪೆಟ್ಟಿಗೆಗಳು ನನ್ನಲ್ಲಿಗೆ ಬಂದದ್ದು ವಿಶಾಖಪಟ್ಟಣದ ಕಾಲೇಜೊಂದಕ್ಕೆ ಒಪ್ಪಿಸಲು. ಭಾನುವಾರ ಅಲ್ಲಿಯ ಸಂಶೋಧಕನೊಬ್ಬ ಬರುವವನಿದ್ದ. ಹಿಂದಿನ ಸಂಜೆ ಅತ್ತೆ ಫೋನ್ ಮಾಡಿದಳು. "ಆ ಹೆಸರಿಲ್ಲದ ಒಂದಕ್ಕ ನಿಮ್ಮ ಮಾವನ ಹೆಸರು ಇಡ್ತಾರ ಕದಮ್ಮಾ? ಕೂಗು ಕೇಳಿದಾಕಿ ನೀನs ಅಂತ ಆ ಹುಡುಗನಿಗೆ ಹೇಳು."

ನಮ್ಮ ಕಾರ್ಖಾನೆಯ ದಾಖಲೆಯಲ್ಲಿ ತಪ್ಪು ಬರೆದದ್ದನ್ನು ಉಜ್ಜಿ ಅಳಿಸುವಂತಿಲ್ಲ, ಬಿಳಿ ಬಳಿಯುವಂತಿಲ್ಲ. ಹಳೆಯದು ಓದಲು ಬರುವಂತೆ ಒಂದೇ ಗೆರೆ ಹೊಡೆದು, ರುಜು, ತಾರೀಖು, ಕಾರಣ ಬರೆಯಬೇಕು. ಮೂರನೆಯ ಪೆಟ್ಟಿಗೆ ತೆರೆದು, ಆ ಹುಳದ ಚೀಟಿಯಲ್ಲಿ ಮಾವನ ಮುದ್ದಾದ ಅಕ್ಷರದ ನನ್ನ ಹೆಸರಿನ ಮೇಲೆ ಒಂದು ಗೆರೆ ಎಳೆದೆ. ಕಾರಣಕ್ಕೆ ಜಾಗವಿರಲಿಲ್ಲ. ಬೇರೆ ಚೀಟಿ ಕತ್ತರಿಸಿ ಬರೆದು ಕೆಳಗೆ ಚುಚ್ಚಿದೆ: ಕೇಳಲಿಲ್ಲ. ಸೆಕೆಯಾಗಿತ್ತು, ಮನೆಗೆ ಹೋಗಬೇಕೆನಿಸಿತ್ತು.

ಸಂಶೋಧಕನಿಗೆ ಕನ್ನಡ ಬಾರದು. ಎರಡೂ ಚೀಟಿಗಳನ್ನು ನಾನೇ ಓದಿ ತೆಲುಗಿನಲ್ಲಿ ಹೇಳಿದೆ. ಅವನು ಭೂತಗನ್ನಡಿ ಇಳಿಸಿ, "ಅಯಿತೇ ಇದಿ ಮಾಮೂಲುದೇನಾ, ಮೇಡಂ?" ಎಂದು ಮೆಲ್ಲಗೆ ಕೇಳಿದ. ಹೌದು, ಮಾಮೂಲಿಯದೇ ಎಂದೆ.

ಅವನು ಹೋದ ಮೇಲೆ, ಘಾಟು ಇನ್ನೂ ಆರದ ಮನೆಯಲ್ಲಿ ಕೂತು ಅತ್ತೆಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ.

"ಆರು ಬೇಸಿಗಿ ಅಮ್ಮಾ," ಎಂದಳು. "ದಿನಾ ನೀರಿನ ಬಾಟ್ಲಿ ನಾನs ತುಂಬಿ ಕೊಡ್ತಿದ್ದೆ."